ಆಪ್ಟ್ ಎಂಬ ಉಗ್ರಾಣಾಧಿಕಾರಿ

ಕೋಲಾರದ ಚಿನ್ನದ ಗಣಿಯ ಉಗ್ರಾಣದಲ್ಲಿ ಇಂಡೆಂಟುಗಳನ್ನು ಪರಿಶೀಲಿಸುತ್ತ ಯೌವನವನ್ನು ಸವೆಸಿ, 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿಹೋದ ಮೇಲೆ ಊರಿಗಾಮಿನ ಮನೆಯ ಜಗಲಿಯಲ್ಲಿ ವಿಶ್ರಾಂತನಾದ ನನಗೆ, ಸರ್ವರುಗಳ ಲೋಕದಲ್ಲಿಯೂ ತಂತ್ರಾಂಶದ ಪ್ಯಾಕೇಜುಗಳನ್ನು ತರಿಸುವ, ತೆಗೆಯುವ ಆಪ್ಟ್ ಎಂಬ ಉಗ್ರಾಣಾಧಿಕಾರಿಯೊಬ್ಬನಿರುವನೆಂದು ತಿಳಿದಾಗ ಉಂಟಾದ ಹರ್ಷವು ಅಷ್ಟಿಷ್ಟಲ್ಲ. ಇವನನ್ನು ಪರಿಚಯಿಸಿದವನು ನನ್ನ ಸೋದರಳಿಯ. ಮಾರಿಕುಪ್ಪಮ್ಮಿನಿಂದ ಹೊರಡುವ ರೈಲಿನಲ್ಲಿ ನಿತ್ಯವೂ ಬೆಂಗಳೂರಿಗೆ ಹೋಗಿಬರುವ ಈ ಸರ್ವರ್‌ಪಾಲಕನು, ದಾರಿಯುದ್ದಕ್ಕೂ ತೊಡೆಯ ಮೇಲಿನ ಕಪ್ಪು ಪರದೆಯಲ್ಲಿ ಬೀಜಮಂತ್ರಗಳಂತಹ ಆಜ್ಞೆಗಳನ್ನು ಬರೆಯುತ್ತಿರುತ್ತಾನೆ.

'ಆಪ್ಟ್ ಅಪ್‌ಡೇಟ್' ಎಂದರೆ ಯಾವುದೂ ಹೊಸದಾಗುವುದಿಲ್ಲವಂತೆ; ಹೊಸ ಸಾಮಗ್ರಿಗಳ ಪಟ್ಟಿ ಮಾತ್ರ ಬರುವುದಂತೆ. ಪಟ್ಟಿ ಬರುವುದೂ ಸಾಮಗ್ರಿ ಬರುವುದೂ ಬೇರೆಬೇರೆ ಯುಗಗಳ ಘಟನೆಗಳೆಂಬುದನ್ನು ಉಗ್ರಾಣದಲ್ಲಿ ಕಂಡುಂಡ ನನಗೆ ಇದರಲ್ಲಿ ಆಶ್ಚರ್ಯವಾಗಲಿಲ್ಲ. ವ್ಯವಸ್ಥೆಗೆ ಅತ್ಯಾವಶ್ಯಕವಾದ ಪ್ಯಾಕೇಜನ್ನು ತೆಗೆಯಹೊರಟರೆ ಮಾತ್ರ ಇವನು ಗಂಭೀರನಾಗಿ, 'ಹೌದು, ನಾನು ಹೇಳಿದಂತೆ ಮಾಡು' ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಉದ್ಗಾರಚಿಹ್ನೆ ಸಹಿತವಾಗಿ ಹಿಂದೆ ನಮ್ಮಿಂದಲೇ ಬರೆಯಿಸಿಕೊಳ್ಳುತ್ತಿದ್ದನೆಂದು ಕೇಳಿ, ಇವನು ಆಡಿಟ್ ಕಂಡವನೆಂದು ನಿಶ್ಚಯಿಸಿದೆನು.

ಆದರೆ ಸರ್ವರಿನ ಜಾಲಸಂಪರ್ಕವನ್ನು ನಿರ್ವಹಿಸುವ ಪ್ಯಾಕೇಜನ್ನು ಆ ಜಾಲದ ಮೂಲಕವೇ ದೂರದಿಂದ ತೆಗೆಯಹೊರಟವನಿಗೆ ಇಂಥ ಮುಚ್ಚಳಿಕೆಯ ರಕ್ಷಣೆಯಿಲ್ಲ. ಶಾಫ್ಟಿನಲ್ಲಿ ಇಳಿಯುತ್ತಿರುವ ಕೇಜಿನೊಳಗೆ ನಿಂತು ಅದರ ಹಗ್ಗವನ್ನು ಕತ್ತರಿಸುವ ಈ ಸಾಹಸದಲ್ಲಿ, ಪರದೆಯು ಸ್ತಬ್ಧವಾದ ಮೇಲೆ ಅನೇಕ ವೇಳೆ ಉಳಿಯುವ ಮಾರ್ಗವೆಂದರೆ ಆ ಯಂತ್ರವಿರುವ ಕೋಣೆಗೆ ನಡೆದುಹೋಗುವುದೊಂದೇ. ಆದುದರಿಂದಲೇ ಅಳಿಯನು ಆಜ್ಞೆಗೆ 'ಮೈನಸ್ ಎಸ್' ಎಂದು ಸೇರಿಸಿ, ಏನನ್ನೂ ಮಾಡದೆ ಏನಾಗುವುದೆಂಬುದನ್ನು ಮಾತ್ರ ಮೊದಲು ಓದಿಕೊಳ್ಳುತ್ತಾನೆ. ನಮ್ಮ ಊರಿನ ವಿಷಯದಲ್ಲಿ ಯಾರೂ ಮೈನಸ್ ಎಸ್ ಹಾಕಿ ನೋಡಲಿಲ್ಲ.

ನೋಡಬೇಕಾಗಿತ್ತು, ಏಕೆಂದರೆ ಒಂದು ಪ್ಯಾಕೇಜು ಒಂಟಿಯಾಗಿ ಬರುವುದಿಲ್ಲ. ತನ್ನ ಅವಲಂಬನೆಗಳನ್ನು ದಿಬ್ಬಣದಂತೆ ಕರೆತರುತ್ತದೆ. ಗಣಿಗೆ ವಿದ್ಯುತ್ತು ಬೇಕಾಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ತಂತಿ ಎಳೆದು ಕಾವೇರಿಯನ್ನೇ ಊಳಿಗಕ್ಕೆ ಕರೆತಂದರು. ನೀರಿಗೆ ಬೇತಮಂಗಲ ಬಂದಿತು. ಸಾಗಾಟಕ್ಕೆ ಅಂದು ಬೌರಿಂಗ್‌ಪೇಟೆಯಾಗಿದ್ದ ಬಂಗಾರಪೇಟೆಯಿಂದ ರೈಲು ಬಂದಿತು. ಇಂಡೆಂಟಿಗಾಗಿ ನಾನು ಬಂದೆನು. ಮೂಲ ಪ್ಯಾಕೇಜನ್ನು ತೆಗೆದ ಮೇಲೆ 'ಆಟೋರಿಮೂವ್' ಎಂದರೆ, ಅದಕ್ಕಾಗಿ ತಾನಾಗಿ ಬಂದು ಈಗ ಬೇರಾರಿಗೂ ಬೇಡವಾದವುಗಳೆಲ್ಲವೂ ಹೋಗುತ್ತವೆ. ಗಣಿಯ ಆಸ್ಪತ್ರೆ ಹೋಯಿತು, ಕೂಲಿ ಹೋಯಿತು, ಇಂಡೆಂಟು ಹೋಯಿತು. ಆದರೆ 'ರಿಮೂವ್' ಎಂಬ ಆಜ್ಞೆಯು ಸಂರಚನೆಯ ಕಡತಗಳನ್ನು ಹಾಗೆಯೇ ಬಿಡುತ್ತದೆ. ಅವುಗಳನ್ನೂ ಅಳಿಸಬೇಕಾದರೆ 'ಪರ್ಜ್' ಎನ್ನಬೇಕು. ಈ ಸೂಕ್ಷ್ಮವನ್ನರಿಯದವರು ಒಮ್ಮೆ ನಮ್ಮಲ್ಲಿಗೆ ಬಂದು ಗಣಿಯು ಬಿಟ್ಟುಹೋದ ಸೈನೈಡ್ ದಿಬ್ಬಗಳನ್ನು ನೋಡಬಹುದು. ಗಾಳಿಯ ದಿನಗಳಲ್ಲಿ ನೋಡಲು ಬರಬೇಕಾಗಿಯೂ ಇಲ್ಲ, ಅವೇ ಮನೆಗೆ ಬರುತ್ತವೆ.

ರೈಲೊಂದು ಮಾತ್ರ ಉಳಿಯಿತು. ಗಣಿಗಾಗಿ ಬಂದ ಅದನ್ನು, ಪ್ರಾತಃಕಾಲದಲ್ಲಿ ಬೆಂಗಳೂರಿಗೆ ಓಡುವ ಸಹಸ್ರಾರು ಜನರು 'ಇದು ನಮಗೆ ಬೇಕು' ಎಂದು ಗುರುತು ಹಾಕಿಬಿಟ್ಟರು. ಆಪ್ಟಿನಲ್ಲಿಯೂ ಅಂಥ ಗುರುತು ಉಂಟಂತೆ. 'ಮ್ಯಾನ್ಯುಯಲ್' ಎಂದು ಒಮ್ಮೆ ಬರೆಯಿಸಿಕೊಂಡದ್ದನ್ನು ಆಟೋರಿಮೂವ್ ಮುಟ್ಟದು. ನನ್ನ ಹೆಸರಿನ ಮುಂದೆ ಯಾವ ಗುರುತಿರುವುದೆಂದು ಅಳಿಯನನ್ನು ಕೇಳಿದರೆ, ಅತ್ತೆಯನ್ನು ವಿಚಾರಿಸಬೇಕೆಂದನು.

ಮೊನ್ನೆ ಬಂಗಾರಪೇಟೆಯಲ್ಲಿ, ನೀರಿನಷ್ಟೇ ನಿರ್ವರ್ಣವಾಗಿ ಕಂಡು ನಾಲಗೆಗೆ ಮುಟ್ಟಿದೊಡನೆ ಖಾರವೇರಿಸುವ ಆ ಊರಿನ ಪಾನಿಪುರಿಯನ್ನು ಆಸ್ವಾದಿಸುತ್ತಿದ್ದಾಗ, ಅವನಿಗೆ ಕಚೇರಿಯಿಂದ ತುರ್ತು ಕರೆ ಬಂದಿತು. ಅಲ್ಲಿಯೇ ಕುಳಿತು ವೈರ್‌ಗಾರ್ಡ್ ಎಂಬ ಜಾಲದ ಪ್ಯಾಕೇಜಿಗೆ ಆಜ್ಞೆ ಬರೆದನು. ಜೊತೆಗೆ ಬರುವವರ ಪಟ್ಟಿಯನ್ನು ಒಪ್ಪಿಸಿ, ಮುಂದುವರಿಯಲೇ ಎಂದು ಆಪ್ಟ್ ಕೇಳುವಷ್ಟರಲ್ಲಿ ಇನ್ನೊಂದು ತಟ್ಟೆ ಬಂದಿತು. ಎರಡು ಕೈಗಳಲ್ಲಿಯೂ ಪಾನಿ ಸೋರುತ್ತಿದ್ದ ಅಳಿಯನು, 'ವೈ' ಎಂಬ ಅಕ್ಷರವನ್ನು ಒತ್ತುವಂತೆ ನನ್ನನ್ನು ಪ್ರಾರ್ಥಿಸಿದನು. ಲಿಖಿತ ಇಂಡೆಂಟಿಲ್ಲದೆ ಯಾವ ಸಾಮಗ್ರಿಯನ್ನೂ ಬಿಡುಗಡೆ ಮಾಡಲಾರೆನೆಂದೆನು. ಅಷ್ಟರಲ್ಲಿ ಇನ್ನೊಂದು ಪುರಿಯನ್ನು ಬಾಯಿಗಿಟ್ಟಿದ್ದ ಅವನು ಪ್ರತ್ಯುತ್ತರ ಕೊಡಲಾರದೆ, ಖಾರದಿಂದಲೋ ಕೋಪದಿಂದಲೋ ಕಣ್ಣು ಕೆಂಪಗೆ ಮಾಡಿಕೊಂಡು ನನ್ನನ್ನೇ ನೋಡುತ್ತ ಕುಳಿತನು.