ಮಹಡಿ ಹತ್ತದ ಮಹಾನುಭಾವ

ಪ್ಯಾರಿಸ್ಸಿನಲ್ಲಿ 57 ವರ್ಷದ ವಿಧುರನೊಬ್ಬ ಹಳೆಯ ಪ್ರೇಯಸಿಯ ಮನೆಯವರೆಗೂ ಬಂದು, ಕೆಳಗೇ ಬೆಂಚಿನ ಮೇಲೆ ಕೂತು, ಮೇಲೆ ಹೋಗದೆ ವಾಪಸಾದ. ನಡೆದದ್ದು ಇಷ್ಟೇ. ಮಾರ್ಟಿನ್ ಸ್ಕಾರ್ಸೆಸಿ 1993ರಲ್ಲಿ 'ದಿ ಏಜ್ ಆಫ್ ಇನೊಸೆನ್ಸ್' ಚಿತ್ರವನ್ನು ಹೀಗೆ ಮುಗಿಸಿದಂದಿನಿಂದ, ಅವನ ಬದಲು ವ್ಯಾಖ್ಯಾನಕಾರರು ಆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಾರೆ. ತ್ಯಾಗ ಎಂದರು ಒಬ್ಬರು. ನೆನಪಿನ ಪ್ರೇಮ ಕೆಡಬಾರದೆಂಬ ಸೂಕ್ಷ್ಮ ಎಂದರು ಮತ್ತೊಬ್ಬರು. ಸತ್ತ ಹೆಂಡತಿಗೆ ನಿಷ್ಠೆ ಎಂದು ಕಣ್ಣೊರೆಸಿಕೊಂಡವರೂ ಉಂಟು. ಬದುಕಿದ್ದಾಗ ಅದು ಎಲ್ಲಿತ್ತು ಎಂದು ಅವರನ್ನು ಕೇಳಬಾರದು.

1870ರ ದಶಕದ ನ್ಯೂಯಾರ್ಕಿನ ಈ ಶ್ರೀಮಂತ, ನ್ಯೂಲ್ಯಾಂಡ್ ಆರ್ಚರ್, ಬಾಗಿಲು ತೆಗೆಯಲೂ ಆಳಿದ್ದ ಮನೆಯವನು. ನಿರ್ಧಾರಕ್ಕೆ ಹೆಂಡತಿ ಮೇ ಇದ್ದಳು. ಅವಳನ್ನು ಆತ ಪೆದ್ದಿ ಎಂದೇ ನಂಬಿದ್ದ. ನ್ಯೂಪೋರ್ಟಿನ ಬಿಲ್ಲುಗಾರಿಕೆ ಸ್ಪರ್ಧೆಯಲ್ಲಿ ಅವಳು ಗೆದ್ದದ್ದನ್ನು ಕಣ್ಣಾರೆ ಕಂಡರೂ ಪುಣ್ಯಾತ್ಮನಿಗೆ ಎಚ್ಚರವಾಗಲಿಲ್ಲ. ಗಂಡ ಮರುಳಾಗಿದ್ದು ಮೇಯದೇ ಸಂಬಂಧಿ ಎಲೆನ್ ಒಲೆನ್ಸ್ಕಾಳಿಗೆ. ತಾನು ಬಸುರಿ ಎಂಬುದು ಖಚಿತವಾಗುವ ಎರಡು ವಾರ ಮೊದಲೇ ಮೇ ಆ ಸುದ್ದಿಯನ್ನು ಅವಳ ಕಿವಿಗೆ ಹಾಕಿದಳು. ಆಮೇಲೊಂದು ಬೀಳ್ಕೊಡುಗೆಯ ಔತಣ. ಊರ ದೊಡ್ಡವರೆಲ್ಲ ಬಂದರು, ನಕ್ಕರು, ಉಂಡರು. ಯಾರೂ ದನಿ ಎತ್ತಲಿಲ್ಲ; ಎಲೆನ್ ಗಡೀಪಾರಾದಳು. ಅದೇ ರಾತ್ರಿ, ತಾನೂ ದೂರ ಹೊರಡುತ್ತೇನೆ ಎಂದು ಗಂಡ ಪೀಠಿಕೆ ಹಾಕಿದ. ಮೇ ಬಸುರಿನ ಸುದ್ದಿ ಹೇಳಿದಳು. ಬಾಯಿ ಮುಚ್ಚಿದವನು ಹತ್ತಿರಹತ್ತಿರ 26 ವರ್ಷ ತೆರೆಯಲಿಲ್ಲ.

ಇಷ್ಟು ಜೋಪಾನ ಮಾಡಿದ ಗುಟ್ಟು ಮಗನಿಗೂ ಗೊತ್ತಿತ್ತು! ಸಾಯುವ ಮುನ್ನ ತಾಯಿಯೇ ಹೇಳಿದ್ದಳು. ಹಿಂದೆ ಬ್ಯಾಂಕು ಮುಳುಗಿಸಿ ಮಾನಗೆಟ್ಟಿದ್ದ ಬ್ಯೂಫೋರ್ಟನ ಮಗಳನ್ನು ಈ ಮಗ ಮದುವೆಯಾಗಲಿದ್ದಾನೆ. ಊರು ಹುಬ್ಬು ಕೂಡ ಗಂಟಿಕ್ಕಿಲ್ಲ. ಅಪ್ಪನನ್ನು ಪ್ಯಾರಿಸ್ಸಿಗೆ ಎಳೆದು ತಂದವನೂ ಅವನೇ. ಎಲೆನ್ ಇರುವ ಕಟ್ಟಡಕ್ಕೆ ಲಿಫ್ಟೂ ಇದೆ, ಮಂಡಿನೋವಿನ ನೆಪವೂ ನಡೆಯದು. ಮಗ ಮೇಲೆ ಹೋದ. ಅಪ್ಪ ಕೆಳಗೆ ಕೂತ, ಯಾರಾದರೂ ತೀರ್ಮಾನಿಸಲಿ ಎಂದು. ಹೆಂಡತಿ ಇಲ್ಲ, ಔತಣಕೂಟವಿಲ್ಲ, ಹಿರಿಯರಿಲ್ಲ. ಕೊನೆಗೆ ಮೇಲಿನ ಮನೆಯ ಸೇವಕ ಬಂದು ಕಿಟಕಿ ಮುಚ್ಚಿದ. ಅಪ್ಪಣೆ ಸಿಕ್ಕಿತೆಂಬಂತೆ ಆರ್ಚರ್ ಎದ್ದು ಹೊರಟ. ಪಂಡಿತರು ತ್ಯಾಗ ಎನ್ನುತ್ತಿರುವುದು ಆ ಸಂಬಳದವನ ಸಂಜೆಯ ಕೆಲಸವನ್ನು.

1920ರಲ್ಲಿ ಮೂಲ ಕಾದಂಬರಿ ಪ್ರಕಟಿಸಿ ಮರುವರ್ಷವೇ ಪುಲಿಟ್ಜರ್ ಪಡೆದ ಈಡಿತ್ ವಾರ್ಟನ್ ಅದೇ ಸಿರಿವಂತ ಕೂಟದಲ್ಲಿ ಹುಟ್ಟಿ ಬೆಳೆದವರು. 1913ರಲ್ಲಿ ಗಂಡನಿಂದ ವಿಚ್ಛೇದನ ಪಡೆದು ಫ್ರಾನ್ಸಿನಲ್ಲೇ ಉಳಿದರು. ಅಂದರೆ ಬರೆದವರು ಇದ್ದದ್ದು ಕಿಟಕಿಯ ಒಳಗಡೆ. ತ್ಯಾಗದ ಭಜನೆ ಮಾಡುವವರು ಇದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ.

ವ್ಯಾಖ್ಯಾನಕಾರರ ಪೈಕಿ ನನಗೆ ಮೆಚ್ಚುಗೆಯಾದವರು ಆಸ್ಕರ್‌ನವರು. ಐದು ವಿಭಾಗಗಳಲ್ಲಿ ಚಿತ್ರವನ್ನು ಹೆಸರಿಸಿ, ಕಡೆಗೆ ಪ್ರಶಸ್ತಿ ಕೊಟ್ಟದ್ದು ವಸ್ತ್ರವಿನ್ಯಾಸಕ್ಕೆ ಮಾತ್ರ. ಆರ್ಚರನ ಕೋಟಿನಾಚೆ ಅವರಿಗೂ ಏನೂ ಸಿಕ್ಕಿರಲಾರದು. ಮೇ ಪಾತ್ರಕ್ಕಾಗಿ ವಿನೋನಾ ರೈಡರ್ ಹೆಸರೂ ಪಟ್ಟಿಯಲ್ಲಿತ್ತು, ಬಹುಮಾನ ಬರಲಿಲ್ಲ. ಮೇ ಗೆದ್ದದ್ದು ಗಂಡನಿಗೇ ತಿಳಿಯಲಿಲ್ಲ, ಇನ್ನು ತೀರ್ಪುಗಾರರ ಪಾಡೇನು!