ಬಿಕೋ ಅಂದವರು ಯಾರು?

ಕಿವಿಗೆ ಬಿದ್ದ ಸದ್ದನ್ನು ಬಿದ್ದ ಹಾಗೆಯೇ ನುಡಿದರೆ ಅದು ಅನುಕರಣಾವ್ಯಯ ಎನ್ನುತ್ತದೆ ಶಾಲೆಯ ವ್ಯಾಕರಣ. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಪಟಪಟ, ದಬದಬ, ಜುಳುಜುಳು ಆ ಮಾತಿಗೆ ತಲೆಬಾಗುತ್ತವೆ. ತಕರಾರು ತೆಗೆಯುವುದು ‘ಬಿಕೋ’. ಮದುವೆ ಮುಗಿದು ನೆಂಟರು ಹೊರಟ ಮೇಲೆ ಮನೆ ಬಿಕೋ ಅನ್ನುತ್ತದೆ. ಅನ್ನುವುದಕ್ಕೆ ಅಲ್ಲಿ ಯಾರಿದ್ದಾರೆ? ಚಪ್ಪರ ಬಿಚ್ಚಿಯಾಯಿತು, ಕೊಪ್ಪರಿಗೆ ಟೆಂಪೋ ಹತ್ತಿತು, ಓಲಗದವರು ದುಡ್ಡು ಎಣಿಸಿಕೊಂಡು ನಡೆದರು. ಸದ್ದೇ ಇಲ್ಲ ಎಂದು ಹೇಳಬೇಕಾದ ಗಳಿಗೆಯಲ್ಲಿ ನಾವು ಗೋಡೆಯ ಬಾಯಿಗೆ ಸದ್ದೊಂದನ್ನು ತುರುಕುತ್ತೇವೆ. ಅದೂ ಎಂಥ ಸದ್ದು! ‘ಬಿಕಾ’ ಎಂದರೆ ಯಾರೋ ಸೀನನ್ನು ಅರ್ಧಕ್ಕೆ ನುಂಗಿದಂತೆ. ‘ಟಿಕೋ’ ಎಂದರೆ ಬಿಸ್ಕತ್ತಿನ ಹೆಸರು. ‘ಬಿಕೋಬಿಕೋ’ ಎಂದರೆ ಆಟೋದ ಹಾರ್ನು. ಒಂದೇ ಸಲ, ಕೊನೆಯ ‘ಓ’ ಎಳೆದು ಹೇಳಿದರಷ್ಟೇ ಮನೆ ಖಾಲಿಯಾಗುತ್ತದೆ. ಯಾರನ್ನೋ ಕೂಗಿ, ಓಗೊಡುವವರಿಲ್ಲದೆ ನಿಂತ ಹಾಗೆ. ಥಳಥಳಕ್ಕೆ, ಘಮಘಮಕ್ಕೆ, ಗಡಗಡಕ್ಕೆ ಜೋಡಿಯಿದೆ; ಬಿಕೋ ಮಾತ್ರ ಒಂಟಿ. ಮಕ್ಕಳೆಲ್ಲ ಊರು ಬಿಟ್ಟು ಮುದುಕರಿಬ್ಬರೇ ಉಳಿದ ತೊಟ್ಟಿಮನೆಗಳಲ್ಲಿ ಈ ಪದಕ್ಕೆ ಮದುವೆ ಮುಗಿಯುವವರೆಗೆ ಕಾಯುವ ಅಗತ್ಯವೂ ಬೀಳುವುದಿಲ್ಲ.

ಒಂದು ಪದ ಹಿಡಿದು ಇಷ್ಟು ರಂಪ ಮಾಡುವುದು ಮರ್ಯಾದಸ್ಥರ ಲಕ್ಷಣವಲ್ಲ, ಗೊತ್ತು. ಆದರೂ ನನ್ನ ವಾದ ಇಷ್ಟು: ಕನ್ನಡದ ಅನುಕರಣಾವ್ಯಯ ಅನುಕರಿಸುವುದು ಕಿವಿಯನ್ನಲ್ಲ, ಇಡೀ ಮೈಯನ್ನು. ಥಳಥಳ ಕಣ್ಣಿನದು, ಘಮಘಮ ಮೂಗಿನದು, ಚುರುಚುರು ಹಸಿದ ಹೊಟ್ಟೆಯದು. ಪದಕ್ಕೂ ವಸ್ತುವಿಗೂ ಹುಟ್ಟುನಂಟಿಲ್ಲ, ಅನುಕರಣದ ಪದಗಳು ಬೆರಳೆಣಿಕೆಯವು, ಭಾಷೆಯ ಒಳಗಿನವೇ ಅಲ್ಲ ಎಂದು ಭಾಷಾವಿಜ್ಞಾನಿ ಸಸ್ಯೂರ್ ಸಾಧಿಸಿದರು. ಅವರು ತೀರಿಕೊಂಡ ಮೇಲೆ, 1916ರಲ್ಲಿ, ಆ ಪಾಠಗಳು ಪುಸ್ತಕವಾದವು. ಜಿನೀವಾದಲ್ಲಿ ಸಂಸ್ಕೃತ ಕಲಿಸುತ್ತಿದ್ದವರು ಒಂದು ಹೆಜ್ಜೆ ತೆಂಕಣಕ್ಕಿಟ್ಟಿದ್ದರೆ ಚೆನ್ನಾಗಿತ್ತು. ಇಲ್ಲಿ ‘ಗುಟ್ಟು’ ಅಂಟಿಸಿದರೆ ಸದ್ದೇ ಕ್ರಿಯಾಪದವಾಗಿ ದುಡಿಯುತ್ತದೆ: ಪಿಸುಗುಟ್ಟು, ಲೊಚಗುಟ್ಟು, ಭಣಗುಟ್ಟು. ಹದಿಮೂರನೆಯ ಶತಮಾನದ ಕೇಶಿರಾಜನ ವ್ಯಾಕರಣದಲ್ಲೇ ಇವುಗಳಿಗೆ ಜಾಗವಿದೆ. ಇಂಥ ಪದಗಳು ಭಾರತದ ನುಡಿಗಳು ಕುಲಭೇದವಿಲ್ಲದೆ ಹಂಚಿಕೊಂಡ ಗುಣ ಎಂದು 1969ರಲ್ಲಿ ಇನ್ನೊಬ್ಬ ಭಾಷಾವಿಜ್ಞಾನಿ ಎಮೆನೋ ತೋರಿಸಿಕೊಟ್ಟರು.

ಹಾಗಾದರೆ ಕೋಳಿ ದೇಶಕ್ಕೊಂದು ಥರ ಕೂಗುವುದೇಕೆ ಎಂಬ ಹಳೆಯ ಆಕ್ಷೇಪ ಇದ್ದೇ ಇದೆ. ಫ್ರೆಂಚರಿಗೆ ಕೊಕೊರಿಕೊ, ಜರ್ಮನರಿಗೆ ಕಿಕೆರಿಕಿ, ಜಪಾನಿನಲ್ಲಿ ಕೊಕೆಕೊಕ್ಕೊ. ಸರಿ, ಬೇರೆಬೇರೆಯೇ, ಆದರೆ ಒಂದಾದರೂ ‘ಮಮ್ಮಲಂ’ ಅಂದಿತೇ? ಇಂಗ್ಲಿಷರ ಹುಂಜ ನಡುವೆ ‘ಡೂಡಲ್’ ಸೇರಿಸುತ್ತದೆ, ಅದು ಆ ಜನದ ಹಣೆಬರಹ. ಇದೆಲ್ಲ ಬರಿಯ ರೂಢಿ ಎನ್ನುವವರು ದೇವರಮನೆಯ ಪುಟ್ಟ ಗಂಟೆಗೆ ‘ಢಣಢಣ’, ಗುಡಿಯ ಗಂಟೆಗೆ ‘ಕಿಣಿಕಿಣಿ’ ಎಂದು ಒಂದು ವಾರ ಆಡಿ ನೋಡಲಿ. ಮೊನಚು ಚಿತ್ರವೊಂದು, ದುಂಡು ಚಿತ್ರವೊಂದು ಮುಂದಿಟ್ಟು ‘ಕಿಕಿ’ ಯಾವುದು, ‘ಬೂಬಾ’ ಯಾವುದು ಎಂದು ಕೇಳಿದರೆ ಬಹುಪಾಲು ಜನ ಮೊನಚಿಗೇ ‘ಕಿಕಿ’ ಎನ್ನುತ್ತಾರೆಂದು 2001ರಲ್ಲಿ ನರವಿಜ್ಞಾನಿಗಳಾದ ರಾಮಚಂದ್ರನ್ ಮತ್ತು ಹಬ್ಬರ್ಡ್ ಬರೆದರು. ಚಿತ್ರಗಳು ಬಾಯಿ ಬಿಟ್ಟಿರಲಿಲ್ಲ.

ಪಠ್ಯಪುಸ್ತಕ ಬರೆಯುವವರು ಮುಂದಿನ ಮುದ್ರಣದಲ್ಲಿ ‘ಕಿವಿಗೆ ಬಿದ್ದ’ ಎಂಬುದನ್ನು ದಯವಿಟ್ಟು ಹೊಡೆದುಹಾಕಲಿ. ಅಲ್ಲಿಯವರೆಗೆ, ಮೇಷ್ಟ್ರೇ, ‘ಬಿಕೋ’ ಎಂದು ಬರೆದ ಮಗುವಿಗೆ ಆ ಒಂದು ಅಂಕ ಕೊಟ್ಟುಬಿಡಿ.