ಶುದ್ಧ ಸಸ್ಯಾಹಾರಿ ಚಾಕೊಲೇಟ್

ಮಿಸ್ ವಾಲ್ಡ್ರನ್ಸ್ ರೆಡ್ ಕೊಲೊಬಸ್ ಎಂಬ ಕೋತಿಯ ಅಧಿಕೃತ ಸ್ಥಿತಿ ಹೀಗಿದೆ: ‘ತೀವ್ರ ಅಪಾಯದಲ್ಲಿದೆ, ಪ್ರಾಯಶಃ ಅಳಿದಿದೆ’. ಅಂದರೆ ಕೋತಿ ಉಂಟೋ ಇಲ್ಲವೋ ಗೊತ್ತಿಲ್ಲ, ಕಡತವಂತೂ ಉಂಟು.

ಘಾನಾ ಮತ್ತು ಐವರಿ ಕೋಸ್ಟ್ ಕಾಡುಗಳ ಮರದ ತುದಿಯಲ್ಲಿ ಗುಂಪುಗುಂಪಾಗಿ ಗದ್ದಲವೆಬ್ಬಿಸಿಕೊಂಡಿದ್ದ ಈ ಪ್ರಾಣಿಗೆ ಲೋಕಮಾನ್ಯತೆ ಸಿಕ್ಕಿದ್ದೇ ಕೋವಿಯ ಶಿಫಾರಸಿನಿಂದ. 1933ರಲ್ಲಿ ವಿಲ್ಲೋಬಿ ಲೋ ಎಂಬ ಸಂಗ್ರಾಹಕರು ಬ್ರಿಟಿಷ್ ಮ್ಯೂಸಿಯಂಗಾಗಿ ಎಂಟು ಕೋತಿಗಳನ್ನು ಹೊಡೆದುರುಳಿಸಿದರು. 1936ರಲ್ಲಿ ನಾಮಕರಣವಾಗುವಾಗ, ಲೋ ಅವರ ಜತೆ ಪ್ರವಾಸ ಮಾಡಿದ್ದ ಮಿಸ್ ವಾಲ್ಡ್ರನ್ ಅವರ ಹೆಸರೇ ಆಯ್ಕೆಯಾಯಿತು. ಗುಂಡು ತಿಂದದ್ದು ಕೋತಿ, ಹೆಸರು ಬಂದದ್ದು ಮೇಡಂಗೆ.

1978ರಿಂದೀಚೆಗೆ ಯಾವ ವಿಜ್ಞಾನಿಯೂ ಇದನ್ನು ಜೀವಂತ ಕಂಡದ್ದು ಖಚಿತವಾಗಿಲ್ಲ. 2000ದಲ್ಲಿ, ಇದು ಅಳಿಯಿತೆಂದು ಸಂಶೋಧಕರು ಸಾರಿಬಿಟ್ಟರು. ಆಮೇಲೆ ನೋಡಿದರೆ ಐವರಿ ಕೋಸ್ಟಿನ ಬೇಟೆಗಾರನೊಬ್ಬನ ಹತ್ತಿರ ಒಂದು ಬಾಲ, ಮತ್ತೊಂದು ಕಡೆ ಒಂದು ಚರ್ಮ! ಕೋತಿ ಇನ್ನೂ ಬದುಕಿರಬಹುದು ಎಂಬ ಆಶೆ ಚಿಗುರಿದ್ದು ಅದರ ಹೆಣದ ತುಂಡುಗಳಿಂದ. ಜೀವಂತ ಪ್ರಮಾಣಪತ್ರ ಬೇಕಿದ್ದರೆ ಅರ್ಜಿಯ ಜೊತೆ ಬಾಲ ಲಗತ್ತಿಸತಕ್ಕದ್ದು.

ತಪ್ಪು ಯಾರದು? ಬೇಟೆಗಾರನದು ಎಂದು ಬೆರಳು ತೋರಿಸುವುದು ಸುಲಭ. ಅವನೇನು ಸಾಚಾ ಅಲ್ಲ. ಕೂಗಿ ಕೂಗಿ ತಾನೇ ವಿಳಾಸ ಹೇಳುವ ಕೋತಿ, ಸಂತೆಯಲ್ಲಿ ಕಾಡುಮಾಂಸಕ್ಕೆ ಒಳ್ಳೆಯ ರೇಟು, ಬಿಟ್ಟಾನೆಯೇ? ಆದರೆ ಅವನಿಗೆ ಕಾಡಿನ ನಡುಮನೆವರೆಗೂ ದಾರಿ ಕೊರೆದದ್ದು ನಾಟಾ ಲಾರಿಗಳು. ಲಾರಿಯ ಬೆನ್ನಿಗೇ ಬಂತು ಕೋಕೋ ತೋಟ. ಜಗತ್ತಿನ ಅರ್ಧಕ್ಕೂ ಹೆಚ್ಚು ಕೋಕೋ ಬೆಳೆಯುವುದು ಘಾನಾ, ಐವರಿ ಕೋಸ್ಟ್ ಎರಡೇ ದೇಶಗಳಲ್ಲಿ. ಐವರಿ ಕೋಸ್ಟಿನ 23 ಸಂರಕ್ಷಿತ ಪ್ರದೇಶಗಳನ್ನು ಸುತ್ತಿ 2015ರಲ್ಲಿ ವರದಿ ಬರೆದ ಸಂಶೋಧಕರಿಗೆ 13ರಲ್ಲಿ ಯಾವ ಜಾತಿಯ ಒಂದೇ ಒಂದು ಕೋತಿಯೂ ಸಿಗಲಿಲ್ಲ. ಕೋಕೋ ಗಿಡಗಳು ಮಾತ್ರ ಕಾಡಿನೊಳಗೆ ಬೇಕಾದಷ್ಟಿದ್ದವು. ಸಂರಕ್ಷಣೆ ನಡೆದೇ ಇತ್ತು, ಯಾರದು ಎಂಬುದರಲ್ಲಿ ಸ್ವಲ್ಪ ಗೊಂದಲ.

ಕೋತಿ ಮೊಸರನ್ನ ತಿಂದು ಮೇಕೆ ಮೂತಿಗೆ ಒರೆಸಿತು ಎಂದು ಶತಮಾನಗಳಿಂದ ಅದರ ಮಾನ ಕಳೆದಿದ್ದೇವೆ. ಈ ಕೇಸಿನಲ್ಲಿ ಕೋತಿ ನಿರಪರಾಧಿ. ತಿಂದವರು ನಾವು, ಒರೆಸಿದ್ದು ಬೇಟೆಗಾರನ ಮೂತಿಗೆ. ಸಂಶಯವಿದ್ದರೆ ಚಾಕೊಲೇಟ್ ಪೊಟ್ಟಣ ತಿರುಗಿಸಿ ನೋಡಿ, ಹಸಿರು ಚುಕ್ಕಿ ಇದೆ, ಶುದ್ಧ ಸಸ್ಯಾಹಾರ. ಕೋತಿ ತಿಂದವನು ಅವನು. ನಾವು ತಿಂದದ್ದು ಕಾಡನ್ನು ಮಾತ್ರ.